ಎಲೆಕ್ಟ್ರಿಕ್ ಸೈಕಲ್‌ನ ಡಿಸ್ಕ್ ಬ್ರೇಕ್: ವೈರ್ ಬಿಗಿದರೆ ಸಾಲದು

ಮಾನ್ಯ ಸಂಪಾದಕರೇ,

ಚಿತ್ರದುರ್ಗದ ರಸ್ತೆಗಳಲ್ಲಿ ಎಲೆಕ್ಟ್ರಿಕ್ ಸೈಕಲ್‌ಗಳ ಓಡಾಟ ಹೆಚ್ಚಿದೆ. ಮನೆಮನೆಗೆ ಹಾಲು ಹಾಕುವವರು, ಟ್ಯೂಷನ್ನಿಗೆ ಹೋಗುವ ಮಕ್ಕಳು, ಮಂಡಿನೋವಿನಿಂದ ಸಾದಾ ಸೈಕಲ್ ಬಿಟ್ಟಿದ್ದ ಹಿರಿಯರು ಇವನ್ನು ಬಳಸುತ್ತಿರುವುದು ಸಂತೋಷದ ಸಂಗತಿ. ತರಬೇತಿ ಸಂಸ್ಥೆಯೊಂದರ ಫಿಟ್ಟರ್ ವಿಭಾಗದಲ್ಲಿ ಪಾಠ ಹೇಳಿ ನಿವೃತ್ತನಾದ ಮೇಲೆ ನೆರೆಹೊರೆಯವರ ಸೈಕಲ್‌ಗಳನ್ನು ನೋಡಿಕೊಡುವುದು ನನಗೆ ರೂಢಿಯಾಗಿದೆ. ಹಾಗೆ ನನ್ನ ಕಣ್ಣಿಗೆ ಬಿದ್ದ ಎಲೆಕ್ಟ್ರಿಕ್ ಸೈಕಲ್‌ಗಳಲ್ಲಿ ಬ್ಯಾಟರಿಯನ್ನು ಜತನದಿಂದ ಕಾಪಾಡಿಕೊಂಡವರು ಬಹಳ ಮಂದಿ. ಡಿಸ್ಕ್ ಬ್ರೇಕನ್ನು ಒಮ್ಮೆಯಾದರೂ ಕ್ರಮವಾಗಿ ಹೊಂದಿಸಿಕೊಂಡವರು ತೀರ ವಿರಳ. ಬ್ರೇಕ್ ಸಡಿಲವಾದಾಗ ಮಾಡಿಸುವ ಒಂದೇ ಉಪಚಾರವೆಂದರೆ ವೈರ್ ಬಿಗಿಸುವುದು. ಬಹುಪಾಲು ಸಂದರ್ಭಗಳಲ್ಲಿ ಅದು ತಪ್ಪು ಉಪಚಾರ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಸವಾರರಿಗೂ ಸೈಕಲ್ ಅಂಗಡಿಯವರಿಗೂ ತಿಳಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಬ್ರೇಕಿನ ಕೆಲಸವೆಂದರೆ ಓಡುತ್ತಿರುವ ವಾಹನದ ಚಲನಶಕ್ತಿಯನ್ನು ಶಾಖವಾಗಿ ಮಾರ್ಪಡಿಸುವುದು. ಸವಾರನೂ ಸೇರಿ 85 ಕಿಲೋ ತೂಗುವ ಸಾದಾ ಸೈಕಲ್ ಗಂಟೆಗೆ 15 ಕಿ.ಮೀ. ವೇಗದಲ್ಲಿದ್ದರೆ ಅದನ್ನು ನಿಲ್ಲಿಸುವಾಗ ಬ್ರೇಕ್ ಸುಮಾರು 740 ಜೂಲ್ ಶಕ್ತಿಯನ್ನು ಹೀರಿಕೊಳ್ಳಬೇಕು. ಬ್ಯಾಟರಿ ಮತ್ತು ಮೋಟಾರಿನ ತೂಕ ಸೇರಿ ಒಟ್ಟು 100 ಕಿಲೋ ಆಗುವ ಎಲೆಕ್ಟ್ರಿಕ್ ಸೈಕಲ್ 25 ಕಿ.ಮೀ. ವೇಗದಲ್ಲಿದ್ದರೆ ಅದೇ ಲೆಕ್ಕ ಸುಮಾರು 2,400 ಜೂಲ್‌ಗೆ ಏರುತ್ತದೆ. ಎಂದರೆ ಮೂರು ಪಟ್ಟಿಗಿಂತಲೂ ಹೆಚ್ಚು. ಇಳಿಜಾರಿನಲ್ಲಂತೂ ಈ ಹೊರೆ ಇನ್ನೂ ದೊಡ್ಡದು. ಅಷ್ಟೇ ತೂಕದ ಸೈಕಲ್ 100 ಮೀಟರ್ ಎತ್ತರವನ್ನು ಇಳಿಯುವಾಗ, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಬ್ರೇಕುಗಳ ಮೇಲೆ ಬೀಳುವ ಶಕ್ತಿ 98,000 ಜೂಲ್. ಪೂರ್ಣ ವೇಗದಿಂದ ನಲವತ್ತು ಬಾರಿ ನಿಂತಷ್ಟು. ದಾವಣಗೆರೆಯ ಸಮತಟ್ಟಾದ ರಸ್ತೆಗಳಲ್ಲಿ ಓಡಾಡುವವರಿಗೆ ಇದು ಅಷ್ಟಾಗಿ ಅನುಭವಕ್ಕೆ ಬರಲಾರದು. ಜೋಗಿಮಟ್ಟಿ ಬೆಟ್ಟದ ಕಡೆಯಿಂದ ಇಳಿದು ಬರುವವರಿಗೆ ಮಾತ್ರ ಬ್ರೇಕ್ ಕಾದು ಹಿಡಿತ ತಗ್ಗುವುದು ಚೆನ್ನಾಗಿ ತಿಳಿಯುತ್ತದೆ. ಅಂಥ ಇಳಿಜಾರಿನಲ್ಲಿ ಬ್ರೇಕನ್ನು ಉದ್ದಕ್ಕೂ ಅರ್ಧ ಒತ್ತಿಕೊಂಡು ಬರುವುದಕ್ಕಿಂತ, ವೇಗ ಏರುವ ಮೊದಲೇ ಎರಡೂ ಬ್ರೇಕುಗಳನ್ನು ಗಟ್ಟಿಯಾಗಿ ಹಿಡಿದು ವೇಗ ತಗ್ಗಿಸಿ, ಮತ್ತೆ ಬಿಟ್ಟು ಡಿಸ್ಕ್ ಆರಲು ಅವಕಾಶ ಕೊಡುವುದು ಕ್ಷೇಮ. ಇಳಿದ ಕೂಡಲೇ ಮಕ್ಕಳು ಡಿಸ್ಕನ್ನು ಮುಟ್ಟದಂತೆಯೂ ನೋಡಿಕೊಳ್ಳಬೇಕು. ಕೈ ಸುಡುವಷ್ಟು ಬಿಸಿ ಅದರಲ್ಲಿರುತ್ತದೆ.

ಕಾನೂನಿನ ದೃಷ್ಟಿಯಿಂದಲೂ ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಮೋಟಾರಿನ ಸಾಮರ್ಥ್ಯ 250 ವ್ಯಾಟ್‌ಗಿಂತ ಕಡಿಮೆ ಇದ್ದು, ಗಂಟೆಗೆ 25 ಕಿ.ಮೀ. ತಲುಪುವಷ್ಟರಲ್ಲಿ ಮೋಟಾರಿನ ನೆರವು ನಿಂತುಹೋಗುವ ಸೈಕಲ್ ಮೋಟಾರು ವಾಹನವಲ್ಲ. ಆದ್ದರಿಂದ ನೋಂದಣಿಯಾಗಲಿ, ಚಾಲನಾ ಪರವಾನಗಿಯಾಗಲಿ ಬೇಕಿಲ್ಲ. ಆದರೆ ತಕ್ಕ ಬ್ರೇಕುಗಳು ಮತ್ತು ಪ್ರತಿಫಲಕಗಳು ಇರಬೇಕೆಂಬ ಷರತ್ತು ಅದೇ ನಿಯಮದಲ್ಲಿದೆ. ಬಡವರ ಕೈಗೆಟುಕುವ ವಾಹನಕ್ಕೆ ಈ ವಿನಾಯಿತಿ ನ್ಯಾಯವಾದುದೆಂದೇ ನಾನು ನಂಬಿದ್ದೇನೆ. ಸೈಕಲ್ ಅಂಗಡಿಯಿಂದ ಹೊರಬಿದ್ದ ಮೇಲೆ ಆ ಬ್ರೇಕ್ ತಕ್ಕದಾಗಿಯೇ ಉಳಿದಿದೆಯೇ ಎಂದು ನೋಡುವ ಹೊಣೆ ಮಾತ್ರ ಪೂರ್ತಿಯಾಗಿ ಸವಾರನದು ಮತ್ತು ಅವನು ನಂಬಿದ ಮೆಕ್ಯಾನಿಕ್‌ನದು.

ನಮ್ಮಲ್ಲಿ ಕಡಿಮೆ ಬೆಲೆಗೆ ಸಿಗುವ ಎಲೆಕ್ಟ್ರಿಕ್ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ವೈರ್ ಎಳೆಯುವ ಡಿಸ್ಕ್ ಬ್ರೇಕ್. ಚಕ್ರದ ನಡುವಿನ ಹಬ್‌ಗೆ ಆರು ಸ್ಕ್ರೂಗಳಿಂದ ಕೂರಿಸಿದ, ಹೆಚ್ಚಾಗಿ 160 ಮಿ.ಮೀ. ವ್ಯಾಸದ ಉಕ್ಕಿನ ಡಿಸ್ಕ್ ಒಂದು. ಅದರ ಅಂಚನ್ನು ಎರಡು ಬದಿಯಿಂದ ಆವರಿಸಿದ ಕ್ಯಾಲಿಪರ್. ಕ್ಯಾಲಿಪರಿನೊಳಗೆ ಡಿಸ್ಕಿನ ಆಚೆಗೊಂದು, ಈಚೆಗೊಂದು ಪ್ಯಾಡ್. ಲಿವರ್ ಒತ್ತಿದಾಗ ಎರಡೂ ಪ್ಯಾಡುಗಳು ಬಂದು ಡಿಸ್ಕನ್ನು ಹಿಡಿಯುತ್ತವೆ ಎಂದು ಬಹಳ ಜನ ತಿಳಿದಿದ್ದಾರೆ. ಅಗ್ಗದ ಕ್ಯಾಲಿಪರುಗಳಲ್ಲಿ ಹಾಗಾಗುವುದಿಲ್ಲ. ವೈರ್ ಎಳೆದಾಗ ಕ್ಯಾಲಿಪರಿನ ಹೊರಮೈಯಲ್ಲಿರುವ ತೋಳು ತಿರುಗಿ ಹೊರಗಿನ ಪ್ಯಾಡನ್ನು ಮಾತ್ರ ಮುಂದಕ್ಕೆ ನೂಕುತ್ತದೆ. ಆ ಪ್ಯಾಡ್ ಡಿಸ್ಕನ್ನು ಕೂದಲೆಳೆಯಷ್ಟು ಬಾಗಿಸಿ, ಚಕ್ರದ ಕಡ್ಡಿಗಳ ಕಡೆ ಕದಲದೆ ನಿಂತಿರುವ ಒಳಪ್ಯಾಡಿಗೆ ಒತ್ತುತ್ತದೆ. ಹಿಡಿತ ಹುಟ್ಟುವುದು ಆಗಲೇ.

ಎರಡೂ ಪ್ಯಾಡುಗಳು ಸವೆಯುತ್ತವೆ. ವೈರ್ ಬಿಗಿಸಿದಾಗ ಹತ್ತಿರ ಬರುವುದು ಹೊರಗಿನದು ಮಾತ್ರ. ಒಳಪ್ಯಾಡ್ ಮತ್ತು ಡಿಸ್ಕಿನ ನಡುವಿನ ಅಂತರ ಹಾಗೆಯೇ ಉಳಿಯುತ್ತದೆ, ಸವೆದಂತೆ ಹೆಚ್ಚುತ್ತಲೇ ಹೋಗುತ್ತದೆ. ಆಗ ಪ್ರತಿಬಾರಿ ಬ್ರೇಕ್ ಹಿಡಿದಾಗಲೂ ಡಿಸ್ಕ್ ಹೆಚ್ಚು ಹೆಚ್ಚು ಬಾಗಬೇಕಾಗುತ್ತದೆ. ಕೈಯ ಬಲದ ಒಂದು ಪಾಲು ಬಾಗಿಸುವುದಕ್ಕೇ ಖರ್ಚಾಗುತ್ತದೆ. ಇನ್ನೊಂದು ಕೆಡುಕೂ ಇದೆ. ವೈರನ್ನು ಮೇಲಿಂದ ಮೇಲೆ ಬಿಗಿಸಿದರೆ ಸವಾರ ಲಿವರ್ ಒತ್ತುವ ಮೊದಲೇ ಕ್ಯಾಲಿಪರಿನ ತೋಳು ಅರ್ಧ ದಾರಿ ತಿರುಗಿ ನಿಂತಿರುತ್ತದೆ. ಉಳಿದ ಅರ್ಧದಲ್ಲಿ ಅದಕ್ಕೆ ಮೊದಲಿನ ಬಲ ಸಿಗುವುದಿಲ್ಲ. ಕೆಲವೊಮ್ಮೆ ತಿರುಗುವ ಮಿತಿಯೇ ಮುಗಿದು, ಎಷ್ಟು ಒತ್ತಿದರೂ ಪ್ಯಾಡ್ ಮುಂದೆ ಹೋಗುವುದಿಲ್ಲ. ಲಿವರ್ ಕೈಗೆ ಗಟ್ಟಿಯಾಗಿ ಹತ್ತುತ್ತಿರುವುದರಿಂದ ಸವಾರನಿಗೆ ಬ್ರೇಕ್ ಸರಿಯಿದೆ ಎಂಬ ಭಾವನೆ. ರಸ್ತೆಗೆ ಅಡ್ಡ ಯಾರಾದರೂ ನುಗ್ಗಿದ ಹೊತ್ತಿನಲ್ಲಿ ಆ ನಂಬಿಕೆ ಕೈಕೊಡುತ್ತದೆ.

ಸರಿಯಾದ ಕ್ರಮ ಕಷ್ಟದ್ದೇನೂ ಅಲ್ಲ. ಮೊದಲು ಸ್ವಿಚ್ ಆರಿಸಿ, ಸಾಧ್ಯವಾದರೆ ಬ್ಯಾಟರಿಯನ್ನೇ ತೆಗೆದಿಡಬೇಕು. ಚಕ್ರದ ಹತ್ತಿರ ಕೈಯಿಟ್ಟಾಗ ಯಾರೋ ಥ್ರಾಟಲ್ ತಿರುಗಿಸಿದರೆ ಬೆರಳಿಗೆ ಅಪಾಯ. ಲಿವರಿನ ಹತ್ತಿರವೂ ಕ್ಯಾಲಿಪರಿನ ಹತ್ತಿರವೂ ಇರುವ ವೈರಿನ ಅಡ್ಜಸ್ಟರುಗಳನ್ನು ಒಳಕ್ಕೆ ತಿರುಗಿಸಿ, ತೋಳು ತನ್ನ ಮೂಲಸ್ಥಾನಕ್ಕೆ ಮರಳುವಂತೆ ವೈರನ್ನು ಸಡಿಲಿಸಬೇಕು. ಆಮೇಲೆ ಕ್ಯಾಲಿಪರನ್ನು ಹಿಡಿದಿರುವ ಎರಡು ಬೋಲ್ಟುಗಳನ್ನು ಅದು ಅತ್ತಿತ್ತ ಸರಿಯುವಷ್ಟು ಮಾತ್ರ ಸಡಿಲ ಮಾಡಿ, ಡಿಸ್ಕ್ ಕ್ಯಾಲಿಪರಿನ ಸಂದಿಯ ನಡುವೆ ನೇರವಾಗಿ ಬರುವಂತೆ ಹೊಂದಿಸಿ, ಬೋಲ್ಟುಗಳನ್ನು ಒಂದನ್ನೇ ಪೂರ್ತಿ ಬಿಗಿಯದೆ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬರಬೇಕು. ಬಳಿಕ ಕಡ್ಡಿಗಳ ಕಡೆಯಿಂದ ಅಲೆನ್ ಕೀ (ಆರು ಮೂಲೆಯ ಕೀಲಿ; ಬಹುತೇಕ ಕ್ಯಾಲಿಪರುಗಳಿಗೆ 5 ಮಿ.ಮೀ. ಅಳತೆಯದು ಹೊಂದುತ್ತದೆ) ಹಾಕಿ ತಿರುಗಿಸಿ, ಒಳಪ್ಯಾಡನ್ನು ಡಿಸ್ಕಿಗೆ ತಾಗುವವರೆಗೂ ತಂದು, ಚಕ್ರ ಉಜ್ಜದೆ ತಿರುಗುವಷ್ಟು ಮಾತ್ರ ಹಿಂದಕ್ಕೆ ಬಿಡಬೇಕು. ಡಿಸ್ಕಿನ ಹಿಂದೆ ಬಿಳಿ ಕಾಗದ ಹಿಡಿದು ನೋಡಿದರೆ ಆ ಸಣ್ಣ ಸಂದು ಸ್ಪಷ್ಟವಾಗಿ ಕಾಣುತ್ತದೆ. ವೈರ್ ಬಿಗಿಸುವ ಕೆಲಸ ಕೊನೆಯದು. ಲಿವರನ್ನು ಪೂರ್ತಿ ಒತ್ತಿದಾಗಲೂ ಅದು ಹ್ಯಾಂಡಲಿಗೆ ತಾಗದೆ, ಸುಮಾರು ಅರ್ಧ ದಾರಿಯಲ್ಲಿ ಹಿಡಿತ ಸಿಗುವಂತಿರಬೇಕು. ಮುಂದೆ ಪ್ಯಾಡ್ ಸವೆದಾಗ ಮೊದಲು ಒಳಪ್ಯಾಡನ್ನು ಮುಂದಕ್ಕೆ ತಂದು ಆಮೇಲೆ ವೈರಿಗೆ ಕೈ ಹಾಕಬೇಕು. ಈ ಅನುಕ್ರಮವೊಂದನ್ನು ನೆನಪಿಟ್ಟರೆ ಅರ್ಧಕ್ಕರ್ಧ ದೂರುಗಳು ಇಲ್ಲವಾಗುತ್ತವೆ.

ಪಂಕ್ಚರ್ ಹಾಕಿಸಿದ ಮೇಲೆ ಬ್ರೇಕ್ ಕೆಡುವುದನ್ನೂ ಪ್ರತ್ಯೇಕವಾಗಿ ಹೇಳಬೇಕು. ಹಿಂದಿನ ಹಬ್‌ನಲ್ಲೇ ಮೋಟಾರ್ ಇರುವ ಸೈಕಲ್‌ಗಳ ಚಕ್ರ ಭಾರವಾದುದು. ಅದನ್ನು ಕಳಚಿ ಮತ್ತೆ ಕೂರಿಸುವಾಗ ಅಚ್ಚು ಫ್ರೇಮಿನ ಸೀಳಿನೊಳಗೆ ಪೂರ್ತಿ ಕೂರದಿದ್ದರೆ ಡಿಸ್ಕ್ ಒಂದು ಬದಿಗೆ ವಾಲಿ ಪ್ಯಾಡಿಗೆ ಉಜ್ಜುತ್ತದೆ. ನಮ್ಮ ನೆರೆಮನೆಯ ಹುಡುಗಿಯ ಸೈಕಲ್‌ನಲ್ಲಿ ಹೀಗೆಯೇ ಸದ್ದು ಬರತೊಡಗಿದಾಗ, ಚಕ್ರ ಹಾಕಿಕೊಟ್ಟ ಅಂಗಡಿಯವರು ಚಕ್ರವನ್ನು ಮತ್ತೆ ನೋಡುವ ಬದಲು ಬ್ರೇಕಿನ ವೈರನ್ನೇ ಸಡಿಲಿಸಿ ಸದ್ದು ನಿಲ್ಲಿಸಿ ಕಳುಹಿಸಿದ್ದರು. ಸದ್ದಿನ ಜೊತೆಗೆ ಹಿಂದಿನ ಬ್ರೇಕೂ ನಿಂತುಹೋಗಿತ್ತು. ಚಕ್ರದ ಎರಡೂ ನಟ್ಟುಗಳನ್ನು ಸಡಿಲಿಸಿ, ಸೈಕಲನ್ನು ನೆಲದ ಮೇಲೆ ನೇರವಾಗಿ ನಿಲ್ಲಿಸಿ ಅಚ್ಚನ್ನು ಸೀಳಿನ ಕೊನೆಯವರೆಗೂ ಕೂರಿಸಿ ಬಿಗಿದದ್ದಕ್ಕೆ ಡಿಸ್ಕ್ ತಾನಾಗಿಯೇ ನಡುವಿಗೆ ಬಂದಿತು. ಚಕ್ರ ನೆಟ್ಟಗೆ ಕೂತಿದ್ದೂ ಒಂದೇ ಜಾಗದಲ್ಲಿ ಕ್ರಮವಾಗಿ ಉಜ್ಜಿದ ಸದ್ದು ಬಂದರೆ ಡಿಸ್ಕ್ ಬಾಗಿದೆ ಎಂದರ್ಥ. ಕಾಲೇಜುಗಳ ಸ್ಟ್ಯಾಂಡಿನಲ್ಲಿ ಒತ್ತೊತ್ತಾಗಿ ನಿಲ್ಲಿಸಿದಾಗ ಪಕ್ಕದ ಸೈಕಲ್‌ನ ಪೆಡಲ್ ತಗುಲಿ ಹೀಗಾಗುವುದುಂಟು. ಎಣ್ಣೆ ತಾಗಿರದ ಸ್ಪ್ಯಾನರಿನಿಂದ ಬಾಗಿದ ಜಾಗವನ್ನು ಹಿಡಿದು ಮೆಲ್ಲನೆ ಸರಿಪಡಿಸಬಹುದು. ಸುತ್ತಿಗೆಯಿಂದ ಬಡಿಯಲೇಬಾರದು.

ಎಣ್ಣೆಯ ಮಾತು ಬಂದಿತು. ಡಿಸ್ಕ್ ಮತ್ತು ಪ್ಯಾಡಿಗೆ ಎಣ್ಣೆಯಷ್ಟು ದೊಡ್ಡ ಶತ್ರು ಬೇರೊಂದಿಲ್ಲ. ಕೀಚಲು ಸದ್ದು ಬಂತೆಂದು ಕೆಲವರು ಚೈನಿಗೆ ಹಾಕುವ ಎಣ್ಣೆಯನ್ನೇ ಬ್ರೇಕಿಗೂ ಬಿಡುತ್ತಾರೆ; ವಾಟರ್ ಸರ್ವಿಸ್ ಮಾಡುವ ಕೆಲವು ಕಡೆ ತೊಳೆದ ಮೇಲೆ ಹೊಳಪು ಬರಲೆಂದು ಡೀಸೆಲ್ ಸಿಂಪಡಿಸುವ ರೂಢಿ ಇದೆ. ಪ್ಯಾಡ್ ಒಮ್ಮೆ ಎಣ್ಣೆ ಕುಡಿದರೆ ಅದನ್ನು ಮರಳಿ ಶುದ್ಧ ಮಾಡುವುದು ಬಹುತೇಕ ಆಗದ ಕೆಲಸ. ಎರಡೂ ಪ್ಯಾಡುಗಳನ್ನು ಬದಲಿಸುವುದೇ ಉಳಿದ ದಾರಿ. ಡಿಸ್ಕನ್ನಾದರೋ ಔಷಧಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಶುಭ್ರವಾದ ಬಟ್ಟೆಯಲ್ಲಿ ಒರೆಸಿದರೆ ಸಾಕು. ಸೀಮೆಎಣ್ಣೆ, ಪೆಟ್ರೋಲ್ ಬಳಸಬಾರದು. ಮಳೆಯಲ್ಲಿ ಒದ್ದೆಯಾದಾಗ ಕ್ಷಣಹೊತ್ತು ಕೀಚಲು ಸದ್ದು ಬರುವುದು ಸಹಜ, ಅದಕ್ಕೆ ಉಪಚಾರ ಬೇಕಿಲ್ಲ. ಆದರೆ ಎರೆಮಣ್ಣಿನ ದಾರಿಯಲ್ಲಿ ಹೋಗಿ ಬಂದವರು ಕ್ಯಾಲಿಪರಿನೊಳಗೆ ಮೆತ್ತಿಕೊಂಡ ಕೆಸರನ್ನು ಬರಿಯ ನೀರಿನಿಂದ ತೊಳೆದುಬಿಡಬೇಕು. ಆ ಕೆಸರಿನಲ್ಲಿರುವ ಮರಳು ಪ್ಯಾಡನ್ನು ಬೇಗ ತಿನ್ನುತ್ತದೆ.

ಪ್ಯಾಡಿನಲ್ಲಿ ಲೋಹದ ತಗಡನ್ನು ಬಿಟ್ಟು ಉಳಿದ ಉಜ್ಜುವ ಪದರ ಅರ್ಧ ಮಿ.ಮೀ.ಗೆ ಇಳಿದರೆ ಬದಲಿಸಬೇಕು. ಹೊಸ ಡಿಸ್ಕಿನ ದಪ್ಪ ಸಾಮಾನ್ಯವಾಗಿ 1.8 ಮಿ.ಮೀ.; 1.5 ಮಿ.ಮೀ.ಗೆ ಸವೆದ ಮೇಲೆ ಅದನ್ನು ಬಳಸಬಾರದು, ಈ ಮಿತಿಯನ್ನು ಹಲವು ಡಿಸ್ಕುಗಳ ಮೇಲೆಯೇ ಕೊರೆದಿರುತ್ತಾರೆ. ಪ್ಯಾಡುಗಳ ಆಕಾರ ಕ್ಯಾಲಿಪರಿನಿಂದ ಕ್ಯಾಲಿಪರಿಗೆ ಬೇರೆಯಾಗುವುದರಿಂದ ಹಳೆಯದನ್ನು ಅಂಗಡಿಗೆ ಒಯ್ದು ತಾಳೆ ನೋಡಿಯೇ ಕೊಳ್ಳಬೇಕು. ಹೊಸ ಪ್ಯಾಡ್ ಹಾಕಿದ ದಿನವೇ ಅದರಿಂದ ಪೂರ್ಣ ಹಿಡಿತವನ್ನು ನಿರೀಕ್ಷಿಸಬಾರದು. ವಾಹನ ಸಂಚಾರವಿಲ್ಲದ ರಸ್ತೆಯಲ್ಲಿ ಸುಮಾರು 20 ಕಿ.ಮೀ. ವೇಗಕ್ಕೆ ಏರಿ, ಪೂರ್ತಿ ನಿಲ್ಲದೆ ನಡಿಗೆಯ ವೇಗಕ್ಕೆ ಇಳಿಯುವಂತೆ ಪ್ರತಿ ಬ್ರೇಕನ್ನೂ ಇಪ್ಪತ್ತು ಸಲವಾದರೂ ಹಿಡಿದರೆ ಪ್ಯಾಡಿನ ಪದಾರ್ಥ ಡಿಸ್ಕಿನ ಮೇಲೆ ಸಮನಾಗಿ ಹರಡಿ ಹಿಡಿತ ಪಕ್ವವಾಗುತ್ತದೆ. ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಬ್ರೇಕ್ ಇರುವವರು, ಚಕ್ರ ಕಳಚಿದ್ದಾಗ ಲಿವರ್ ಒತ್ತಬಾರದೆಂಬುದನ್ನೂ, ಮಿನರಲ್ ಆಯಿಲ್ ಬಳಸುವ ಬ್ರೇಕಿಗೆ ಮೋಟಾರ್ ಸೈಕಲ್ಲಿನ ಡಾಟ್ (DOT) ಗುರುತಿನ ಬ್ರೇಕ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಹಾಳಾಗುತ್ತವೆಂಬುದನ್ನೂ ತಿಳಿದಿದ್ದರೆ ಸಾಕು. ಉಳಿದದ್ದನ್ನು ಬಲ್ಲವರಿಗೇ ಬಿಡುವುದು ಲೇಸು.

ಎಲೆಕ್ಟ್ರಿಕ್ ಸೈಕಲ್‌ಗೆ ಮಾತ್ರ ಸಂಬಂಧಿಸಿದ ಇನ್ನೊಂದು ಅಂಶವಿದೆ. ಇಂಥ ಬಹುತೇಕ ಸೈಕಲ್‌ಗಳ ಬ್ರೇಕ್ ಲಿವರಿನಲ್ಲಿ ಸಣ್ಣ ಸ್ವಿಚ್ ಇದ್ದು, ಲಿವರ್ ಒತ್ತಿದ ಕೂಡಲೇ ಅದು ಮೋಟಾರಿಗೆ ವಿದ್ಯುತ್ತನ್ನು ನಿಲ್ಲಿಸುತ್ತದೆ. ಅದು ಕೆಟ್ಟರೆ ಬ್ರೇಕ್ ಒಂದು ಕಡೆ, ಮೋಟಾರ್ ಇನ್ನೊಂದು ಕಡೆ ಎಳೆಯತೊಡಗುತ್ತವೆ. ಬ್ರೇಕಿನ ಕೆಲಸ ಮುಗಿಸಿ ಬ್ಯಾಟರಿ ಕೂರಿಸಿದ ಮೇಲೆ ಮೋಟಾರಿರುವ ಚಕ್ರವನ್ನು ನೆಲದಿಂದ ಎತ್ತಿ ಹಿಡಿದು, ಥ್ರಾಟಲ್ ಕೊಟ್ಟು, ಎರಡೂ ಲಿವರುಗಳನ್ನು ಒಂದೊಂದಾಗಿ ಒತ್ತಿ ಮೋಟಾರ್ ನಿಲ್ಲುವುದನ್ನು ಖಚಿತಪಡಿಸಿಕೊಳ್ಳಬೇಕು. ಇದಕ್ಕೆ ವಿರುದ್ಧವಾದುದೂ ನಡೆಯುತ್ತದೆ: ತುಕ್ಕು ಹಿಡಿದ ವೈರಿನಿಂದಾಗಿ ಲಿವರ್ ಪೂರ್ತಿ ಹಿಂದಕ್ಕೆ ಬಾರದೆ ಮೋಟಾರ್ ಓಡದಿದ್ದಾಗ, ಬ್ಯಾಟರಿ ಹೋಯಿತೆಂದು ಭಾವಿಸಿ ಸಾವಿರಾರು ರೂಪಾಯಿಯ ಖರ್ಚಿಗೆ ಸಿದ್ಧರಾಗುವವರಿದ್ದಾರೆ. ಅಂಥವರು ಮೊದಲು ಲಿವರನ್ನು ಬೆರಳಿನಿಂದ ಹೊರಕ್ಕೆ ತಳ್ಳಿ ನೋಡಲಿ. ಒಂದು ಚಾರ್ಜಿಗೆ ಸೈಕಲ್ ಓಡುವ ದೂರ ಇದ್ದಕ್ಕಿದ್ದಂತೆ ಕಡಿಮೆಯಾದಾಗಲೂ, ಪ್ಯಾಡ್ ಸದಾ ಡಿಸ್ಕಿಗೆ ಉಜ್ಜುತ್ತಿದೆಯೇ ಎಂದು ಚಕ್ರ ತಿರುಗಿಸಿ ನೋಡಿದ ಮೇಲೆಯೇ ಬ್ಯಾಟರಿಯನ್ನು ದೂರಬೇಕು.

ಹೊಸ ವೈರ್ ಮೊದಲ ಕೆಲವು ವಾರಗಳಲ್ಲಿ ತುಸು ಸಡಿಲವಾಗುವುದು ಎಲ್ಲ ಸೈಕಲ್‌ಗಳಿಗೂ ಸಹಜ. ಆದ್ದರಿಂದ ಚಿತ್ರದುರ್ಗ ಮತ್ತು ದಾವಣಗೆರೆಯ ಮಾರಾಟಗಾರರು ಎಲೆಕ್ಟ್ರಿಕ್ ಸೈಕಲ್ ಕೊಟ್ಟ ಒಂದು ತಿಂಗಳಿಗೆ ಗ್ರಾಹಕರನ್ನು ಕರೆಸಿ ಎರಡೂ ಬ್ರೇಕುಗಳನ್ನು ಉಚಿತವಾಗಿ ಹೊಂದಿಸಿಕೊಡಬೇಕು. ಆ ದಿನಾಂಕವನ್ನು ಬಿಲ್ಲಿನ ಮೇಲೆಯೇ ಬರೆದುಕೊಡಬೇಕು. ತಾವು ಮಾರುವ ಮಾದರಿಗಳಿಗೆ ಹೊಂದುವ ಪ್ಯಾಡುಗಳನ್ನು ಅಂಗಡಿಯಲ್ಲಿ ಇಟ್ಟಿರಬೇಕು. ಪ್ಯಾಡ್ ಬೇಕೆಂದರೆ ಬೆಂಗಳೂರಿನಿಂದ ತರಿಸಬೇಕು ಎಂಬ ಉತ್ತರ ಕೇಳಿ, ಲೋಹಕ್ಕೆ ಲೋಹ ಉಜ್ಜುತ್ತಿರುವ ಬ್ರೇಕಿನಲ್ಲೇ ಓಡಾಡುವವರನ್ನು ಕಂಡು ಮನಸ್ಸಿಗೆ ನೋವಾಗುತ್ತದೆ. ಬೀದಿಬದಿಯಲ್ಲಿ ಪಂಕ್ಚರ್ ಹಾಕುತ್ತ ಬದುಕು ಕಟ್ಟಿಕೊಂಡ ಮೆಕ್ಯಾನಿಕ್‌ಗಳನ್ನು ನಾನು ದೂರುತ್ತಿಲ್ಲ. ಚಕ್ರದ ಅಂಚನ್ನೇ ಹಿಡಿಯುವ ರಿಮ್ ಬ್ರೇಕಿನ ಕಾಲದಲ್ಲಿ ಕೆಲಸ ಕಲಿತ ಅವರಿಗೆ ಈ ಹೊಸ ಬ್ರೇಕನ್ನು ಬಿಚ್ಚಿ ತೋರಿಸಿದವರು ಯಾರೂ ಇಲ್ಲ. ಎರಡೂ ಜಿಲ್ಲೆಗಳ ಐಟಿಐಗಳು ಮತ್ತು ಪಾಲಿಟೆಕ್ನಿಕ್‌ಗಳು ಮನಸ್ಸು ಮಾಡಿದರೆ ಒಂದು ಭಾನುವಾರದ ಬೆಳಗಿನಲ್ಲಿ, ನಾಲ್ಕು ಕ್ಯಾಲಿಪರುಗಳನ್ನು ಮೇಜಿನ ಮೇಲಿಟ್ಟು ಈ ಕೆಲಸವನ್ನು ಅವರಿಗೆ ಕಲಿಸಬಹುದು. ಅಂಥ ತರಬೇತಿ ಎಲ್ಲಿ ನಡೆದರೂ ಶುಲ್ಕವಿಲ್ಲದೆ ಬಂದು ಪಾಠ ಹೇಳಲು ನಾನು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಫಿಟ್ಟರ್ ಬೋಧಕ, ಚಿತ್ರದುರ್ಗ