ಶಬ್ದದ ಮೂಲ ಹುಡುಕದೆ ಎಣ್ಣೆ ಬಿಟ್ಟು ಕಳಿಸಿದ ಮಾದರಿ ರೈಲು ಎಂಜಿನ್: ಒಂದು ದೂರು

ಇಂದ,
ನಿಮ್ಮ ಗ್ರಾಹಕ,
ತುಮಕೂರು

ಗೆ,
ಮುಖ್ಯಸ್ಥರು,
ಗ್ರಾಹಕ ಸೇವೆ ಮತ್ತು ರಿಪೇರಿ ವಿಭಾಗ

ಮಾನ್ಯರೇ,

ವಿಷಯ: ವಾರಂಟಿ ಅವಧಿಯಲ್ಲಿರುವ, ಭಾರತೀಯ ರೈಲ್ವೆಯ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ನಿನ ಎಚ್‌ಒ ಅಳತೆಯ (ನಿಜಗಾತ್ರದ 87ನೇ ಒಂದು ಭಾಗ) ಮಾದರಿಯ ಕರ್ಕಶ ಶಬ್ದ, ಅದನ್ನು ಪರೀಕ್ಷಿಸದೆ ಹಿಂದಿರುಗಿಸಿರುವುದು ಮತ್ತು ವಸೂಲಿ ಮಾಡಿರುವ ಶುಲ್ಕದ ಕುರಿತು.

ಕಳೆದ ದೀಪಾವಳಿಗೆ ನಿಮ್ಮಲ್ಲಿ ಈ ಎಂಜಿನ್ ಕೊಂಡೆ. ಬಿಲ್ಲಿನ ಪ್ರತಿ ಲಗತ್ತಿಸಿದ್ದೇನೆ. ಮನೆಗೆ ಬಂದ ವಾರದಿಂದಲೇ ಅದು ಎರಡು ಬಗೆಯ ಸದ್ದು ಮಾಡುತ್ತಿದೆ. ನಿಧಾನವಾಗಿ ಓಡಿಸಿದರೆ ಟಕ್, ಟಕ್ ಎಂದು ಒಂದೇ ಲಯದಲ್ಲಿ ಕುಟ್ಟುತ್ತದೆ. ಪ್ರತಿ ಟಕ್‌ಗೂ ಎಂಜಿನ್ನಿನ ಮೂತಿ ಚೂರು ಎಗರುತ್ತದೆ. ಹಿಮ್ಮುಖವಾಗಿ ಓಡಿಸಿದರೆ ಗರಗರ ಎಂದು ಅರೆಯುವ ಸದ್ದು. ಇವೆರಡನ್ನೂ ಬೇರೆಬೇರೆಯಾಗಿ ವಿವರಿಸಿ, ಮೊಬೈಲಿನಲ್ಲಿ ಚಿತ್ರೀಕರಿಸಿ, ಎಂಜಿನ್ ಜೊತೆಗೇ ಚೀಟಿ ಬರೆದಿಟ್ಟು ನಿಮ್ಮ ಸರ್ವೀಸ್ ಸೆಂಟರ್‌ಗೆ ಕೊರಿಯರ್ ಮಾಡಿದ್ದೆ.

ವಾಪಸು ಬಂದಾಗ ಜಾಬ್ ಕಾರ್ಡಿನಲ್ಲಿ ಇದ್ದದ್ದು ಇಷ್ಟೇ: ‘ಲೂಬ್ರಿಕೇಶನ್ ಮಾಡಲಾಗಿದೆ, ಓಕೆ.’ ಅದಕ್ಕೆ 850 ರೂಪಾಯಿ ಶುಲ್ಕ. ಸದ್ದು ಮಾತ್ರ ಹಾಗೆಯೇ ಇತ್ತು. ಫೋನ್ ಮಾಡಿದರೆ ನಿಮ್ಮ ಸಿಬ್ಬಂದಿ, “ಆಟದ ಸಾಮಾನು ಅಂದಮೇಲೆ ಸ್ವಲ್ಪ ಸೌಂಡ್ ಇದ್ದೇ ಇರುತ್ತೆ ಸರ್, ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ” ಅಂದರು. ಮತ್ತೆ ಕಳಿಸಿದೆ. ಮತ್ತೆ ಅದೇ ಕಾರ್ಡು, ಇನ್ನೂ ಹೆಚ್ಚು ಎಣ್ಣೆ.

ನಾನು ತುಮಕೂರಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯ ಜೋಡಣೆ ವಿಭಾಗದಲ್ಲಿ ದುಡಿದವನು. ನಿಂತ ಗಡಿಯಾರ ಕೈಗೆ ಬಂದರೆ, ಯಾವ ಚಕ್ರದಲ್ಲಿ ತಡೆ ಇದೆ ಎಂದು ಗೊತ್ತಾಗುವ ತನಕ ನಾವು ಎಣ್ಣೆ ಸೂಜಿ ಮುಟ್ಟುತ್ತಿರಲಿಲ್ಲ. ಪ್ರತಿ ಚಕ್ರದ ಅಚ್ಚಿಗೂ ತುದಿಯಿಂದ ತುದಿಗೆ ಎಷ್ಟು ಅಲುಗಾಟ ಇರಬೇಕು ಎಂಬುದಕ್ಕೆ ಲೆಕ್ಕವಿತ್ತು, ಎಂಡ್ ಶೇಕ್ ಅನ್ನುತ್ತಿದ್ದೆವು. ಅದು ಹೆಚ್ಚಾದರೂ ಕೆಡುಕು, ಕಡಿಮೆಯಾದರೂ ಕೆಡುಕು. ನಿಮ್ಮ ಎಂಜಿನ್ ಒಳಗಿರುವುದೂ ಮೋಟಾರು, ಅಚ್ಚು, ಹಲ್ಲುಚಕ್ರಗಳೇ. ಆದ್ದರಿಂದ ನಿಮ್ಮ ಸೆಂಟರ್ ಮಾಡಬೇಕಿದ್ದ ಪರೀಕ್ಷೆಯನ್ನು ನಾನೇ ಮಾಡಿದೆ. ಅದರ ಫಲವನ್ನು ಇಲ್ಲಿ ಬರೆಯುತ್ತಿದ್ದೇನೆ. ದಯವಿಟ್ಟು ಕೌಂಟರ್‌ನವರಿಗಲ್ಲ, ಸ್ಕ್ರೂಡ್ರೈವರ್ ಹಿಡಿಯುವ ತಂತ್ರಜ್ಞರಿಗೇ ಇದನ್ನು ಓದಲು ಕೊಡಿ.

ಮೊದಲು ಮೇಲಿನ ಪ್ಲಾಸ್ಟಿಕ್ ಕವಚ ತೆಗೆದು ಓಡಿಸಿದೆ. ಎಷ್ಟೋ ಸಲ ಕವಚವೇ ನಡುಗಿ ಸಣ್ಣ ಸದ್ದನ್ನು ದೊಡ್ಡದು ಮಾಡುತ್ತದೆ. ಇಲ್ಲಿ ಕವಚ ತೆಗೆದರೂ ಸದ್ದು ತಗ್ಗಲಿಲ್ಲ. ಆಮೇಲೆ ಮೋಟಾರಿನ ತಿರುಗುವಿಕೆಯನ್ನು ಚಕ್ರಗಳತ್ತ ಒಯ್ಯುವ ಎರಡೂ ಕಡೆಯ ಡ್ರೈವ್ ಶಾಫ್ಟ್ ಬಿಡಿಸಿ ಮೋಟಾರೊಂದನ್ನೇ ತಿರುಗಿಸಿದೆ. ಎರಡೂ ದಿಕ್ಕಿನಲ್ಲಿ, ಎಲ್ಲ ವೇಗದಲ್ಲಿ ಸಣ್ಣ ಗುಂಯ್‌ಗುಡುವಿಕೆ ಬಿಟ್ಟರೆ ಬೇರೇನಿಲ್ಲ. ಅಂದರೆ ಮೋಟಾರು, ಅದರ ಬ್ರಷ್, ಬುಷ್, ಫ್ಲೈವೀಲ್ ಎಲ್ಲವೂ ಚೆನ್ನಾಗಿವೆ. ಮೋಟಾರು ಚೆನ್ನಾಗಿ ಕೊಟ್ಟಿದ್ದೀರಿ, ಅದನ್ನು ಮನಸಾರೆ ಹೇಳುತ್ತೇನೆ. ನಂತರ ಒಂದೊಂದೇ ಟ್ರಕ್ಕಿಗೆ, ಅಂದರೆ ಎಂಜಿನ್ನಿನ ಅಡಿಯ ಚಕ್ರಗಳ ಚೌಕಟ್ಟಿಗೆ, ಶಾಫ್ಟ್ ಜೋಡಿಸಿ ನೋಡಿದೆ. ಮುಂದಿನ ಟ್ರಕ್ ಒಂದೇ ಇದ್ದಾಗ ಟಕ್ ಟಕ್, ಹಿಂದಿನದೊಂದೇ ಇದ್ದಾಗ ಗರಗರ. ಎರಡು ಸದ್ದು, ಎರಡು ಜಾಗ, ಎರಡು ಕಾರಣ. ಇಷ್ಟು ತಿಳಿಯಲು ಒಂದು ಗಂಟೆಯೂ ಬೇಕಾಗಲಿಲ್ಲ.

ಟಕ್ ಟಕ್ ಸದ್ದಿನ ಅಂತರವನ್ನು ಹಳಿಯ ಮೇಲೆ ಗುರುತು ಹಾಕಿ ಅಳೆದೆ. ಸುಮಾರು 39 ಮಿಲಿಮೀಟರಿಗೊಂದು ಸಲ ಬರುತ್ತಿತ್ತು. ಚಕ್ರದ ವ್ಯಾಸ 12.5 ಮಿಲಿಮೀಟರ್, ಅದರ ಸುತ್ತಳತೆ ಸರಿಯಾಗಿ ಅಷ್ಟೇ ಆಗುತ್ತದೆ. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಮೋಟಾರು ಎಷ್ಟೋ ಸುತ್ತು ಹಾಕಿರುತ್ತದೆ. ಆದ್ದರಿಂದ ಸುತ್ತಿಗೊಂದೇ ಸಲ ಕುಟ್ಟುವ ದೋಷ ಮೋಟಾರಿನಲ್ಲೋ, ಮೋಟಾರಿನ ಜೊತೆ ತಿರುಗಿ ಗೇರನ್ನು ನೂಕುವ ತಿರುಪಿನಂಥ ವರ್ಮ್‌ನಲ್ಲೋ ಇರಲು ಸಾಧ್ಯವಿಲ್ಲ, ಚಕ್ರದ ಅಚ್ಚಿನಲ್ಲೇ ಇರಬೇಕು. ಹಳಿಯ ಜೋಡಣೆಯ ಸದ್ದೆಂದೂ ಹೇಳುವಂತಿಲ್ಲ, ಅದೇ ಹಳಿಯ ಮೇಲೆ ನನ್ನ ಬೇರೆ ಎಂಜಿನ್‌ಗಳು ಸದ್ದಿಲ್ಲದೆ ಓಡುತ್ತವೆ. ಟ್ರಕ್ಕಿನ ತಳದ ಮುಚ್ಚಳ ತೆಗೆದು ಗಡಿಯಾರ ರಿಪೇರಿಯವರ ಭೂತಗನ್ನಡಿ, ಐಗ್ಲಾಸ್, ಹಾಕಿಕೊಂಡು ನೋಡಿದೆ. ಮೊದಲನೇ ಆಕ್ಸೆಲ್ಲಿನ ಪ್ಲಾಸ್ಟಿಕ್ ಗೇರು ಎರಡು ಹಲ್ಲುಗಳ ನಡುವೆ ಕೂದಲೆಳೆಯಷ್ಟು ಸೀಳಿದೆ. ಸೀಳಿದ ಕಡೆ ಹಲ್ಲುಗಳ ಅಂತರ ಹಿಗ್ಗಿರುವುದರಿಂದ ಪಕ್ಕದ ಗೇರಿನ ಹಲ್ಲು ಅಲ್ಲಿ ಸರಿಯಾಗಿ ಕೂರದೆ ಹತ್ತಿ ಇಳಿಯುತ್ತದೆ. ಮೂತಿ ಎಗರುವುದು ಅದಕ್ಕೇ. ಆ ಆಕ್ಸೆಲ್ ಒಂದನ್ನು ಎತ್ತಿಟ್ಟು ಓಡಿಸಿದರೆ ಟಕ್ ಸದ್ದು ಪೂರ್ತಿ ನಿಲ್ಲುತ್ತದೆ.

ಹಿಂದಿನ ಟ್ರಕ್ಕಿನ ಕಥೆ ಬೇರೆ. ವರ್ಮ್ ತಿರುಗುವಾಗ ಅದರ ಅಚ್ಚು ಒಂದು ದಿಕ್ಕಿನಲ್ಲಿ ಈ ತುದಿಗೆ ಒತ್ತುತ್ತದೆ, ದಿಕ್ಕು ಬದಲಾದರೆ ಆ ತುದಿಗೆ. ಈ ಒತ್ತಡ ತಾಳಲೆಂದೇ ಎರಡೂ ತುದಿಗೆ ವಾಷರ್ ಇರಬೇಕು. ನನ್ನ ಎಂಜಿನ್ನಿನಲ್ಲಿ ಒಂದು ತುದಿಗೆ ವಾಷರ್ ಇದೆ, ಇನ್ನೊಂದು ತುದಿಗೆ ಇಲ್ಲವೇ ಇಲ್ಲ. ಕಾರ್ಖಾನೆಯಲ್ಲಿ ಜೋಡಿಸುವಾಗಲೇ ಬಿಟ್ಟುಹೋಗಿದೆ. ಹಿಮ್ಮುಖವಾಗಿ ಓಡಿದಾಗ ವರ್ಮ್ ಜರುಗಿ ನೇರವಾಗಿ ಪ್ಲಾಸ್ಟಿಕ್ ಪೆಟ್ಟಿಗೆಯ ಗೋಡೆಗೆ ಉಜ್ಜುತ್ತದೆ. ಅಲ್ಲಿ ಬಿಳಿ ಪುಡಿ ಕೂತಿರುವುದು ಫೋಟೋದಲ್ಲಿ ಕಾಣುತ್ತದೆ. ಪರೀಕ್ಷೆಗೆಂದು ಹಿತ್ತಾಳೆಯ ತೆಳು ವಾಷರ್ ಒಂದನ್ನು ಅಲ್ಲಿಟ್ಟು ಓಡಿಸಿದೆ, ಗರಗರ ಮಾಯವಾಯಿತು. ನೀವೇ ನೋಡಲಿ ಎಂದು ಅದನ್ನು ಮತ್ತೆ ತೆಗೆದಿದ್ದೇನೆ.

ಹೀಗಿರುವಾಗ ಎಣ್ಣೆಯಿಂದ ಯಾವುದು ಸರಿಹೋಗಬೇಕಿತ್ತು? ಸೀಳಿದ ಗೇರು ಎಣ್ಣೆಗೆ ಕೂಡಿಕೊಳ್ಳುವುದಿಲ್ಲ. ಇಲ್ಲದ ವಾಷರ್ ಎಣ್ಣೆಯಿಂದ ಹುಟ್ಟುವುದಿಲ್ಲ. ಓಡಿಸುತ್ತಾ ಸರಿಹೋಗುವ ಸದ್ದುಗಳೂ ಇವೆ, ನಿಜ. ಹೊಸ ಮೋಟಾರಿಗೆ ಕರೆಂಟ್ ಮುಟ್ಟಿಸುವ ಬ್ರಷ್, ತಾನು ಉಜ್ಜುವ ತಿರುಗುಭಾಗವಾದ ಕಾಮ್ಯುಟೇಟರಿಗೆ ಹೊಂದಿಕೊಳ್ಳುವ ತನಕ ಸ್ವಲ್ಪ ಗದ್ದಲ ಇರುತ್ತದೆ. ಆದರೆ ಇಲ್ಲಿ ಗದ್ದಲ ಮೋಟಾರಿನದೇ ಅಲ್ಲ. ನಿಮ್ಮವರು ಸುರಿದ ಎಣ್ಣೆ ಮಾತ್ರ ಹೊಸ ತೊಂದರೆ ತಂದಿದೆ. ಗೇರ್ ಪೆಟ್ಟಿಗೆಯಿಂದ ಸೋರಿ ಚಕ್ರಗಳಿಗೆ, ಅಲ್ಲಿಂದ ಹಳಿಗೆ, ಚಕ್ರದಿಂದ ಕರೆಂಟ್ ಎಳೆಯುವ ತಗಡುಗಳಿಗೆ ಹರಡಿದೆ. ಎಣ್ಣೆಗೆ ಧೂಳು ಸೇರಿ ಕಪ್ಪು ಜಿಡ್ಡು ಕಟ್ಟಿದೆ. ಈಗ ಎಂಜಿನ್ ನಡುನಡುವೆ ಕರೆಂಟ್ ಸಿಗದೆ ನಿಲ್ಲುತ್ತದೆ, ಏರಿನಲ್ಲಿ ಚಕ್ರ ಜಾರುತ್ತದೆ. ಬಳಸಿದ ಎಣ್ಣೆಯ ವಾಸನೆ ಹೊಲಿಗೆ ಮೆಷಿನ್ನಿನ ಎಣ್ಣೆಯಂತಿದೆ. ನಿಮ್ಮದೇ ಕೈಪಿಡಿ ಪ್ಲಾಸ್ಟಿಕ್ಕಿಗೆ ಹೊಂದುವ ಎಣ್ಣೆಯನ್ನು ಮಾತ್ರ, ಅದೂ ಒಂದೊಂದೇ ಹನಿ ಹಾಕಿ ಎನ್ನುತ್ತದೆ. ಗ್ರಾಹಕರಿಗೆ ಒಂದು ನಿಯಮ, ನಿಮ್ಮ ಸೆಂಟರಿಗೆ ಇನ್ನೊಂದೇ?

ಹೆಚ್ಚು ಓಡಿಸಿದ್ದರಿಂದ ಗೇರು ಸೀಳಿದೆ ಎಂದು ನೀವು ಹೇಳಬಹುದು ಎಂಬ ಅನುಮಾನ ನನಗಿದೆ. ಅದು ಹಾಗಲ್ಲ. ಇಂಥ ಗೇರನ್ನು ಲೋಹದ ಅಚ್ಚಿನ ಮೇಲೆ ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ. ಒತ್ತಿದ ದಿನದಿಂದಲೇ ಪ್ಲಾಸ್ಟಿಕ್ ಒಳಗಿನಿಂದ ಹಿಗ್ಗುವ ಎಳೆತದಲ್ಲಿರುತ್ತದೆ. ಆ ಬಿಗಿತ ಅಳತೆ ಮೀರಿದ್ದರೆ ಹಳಿ ಕಾಣದೆ ಗೋದಾಮಿನ ಡಬ್ಬಿಯಲ್ಲಿ ಕೂತ ಎಂಜಿನ್ನಿನಲ್ಲೂ ಗೇರು ಸೀಳುತ್ತದೆ. ಮಾದರಿ ರೈಲಿನ ಹವ್ಯಾಸ ಇರುವವರಿಗೆಲ್ಲ ಪರಿಚಯವಿರುವ ದೋಷ ಇದು. ಹಾಗಾಗಿ ಅದೇ ಸಾಲಿನ ಉಳಿದ ಎಂಜಿನ್‌ಗಳನ್ನೂ ನೀವು ತೆರೆದು ನೋಡುವುದು ಒಳ್ಳೆಯದು. ಕವಚ ಬಿಚ್ಚಿದ್ದರಿಂದ ವಾರಂಟಿ ಹೋಯಿತು ಎಂಬ ವಾದವೂ ನಿಲ್ಲದು; ಎಣ್ಣೆ ಹಾಕಲು ಕವಚವನ್ನೂ ತಳದ ಮುಚ್ಚಳವನ್ನೂ ಬಿಚ್ಚುವ ವಿಧಾನವನ್ನು ನಿಮ್ಮ ಕೈಪಿಡಿಯೇ ಚಿತ್ರ ಸಮೇತ ಕೊಟ್ಟಿದೆ.

‘ಆಟದ ಸಾಮಾನು’ ಎಂಬ ಮಾತು ನನಗೆ ನೋವು ತಂದಿದೆ. ಈ ಮಾದರಿಯ ಮೂಲವಾದ ಡಬ್ಲ್ಯುಡಿಎಂ-2, ಅಮೆರಿಕದ ಅಲ್ಕೊ ಕಂಪನಿಯ ವಿನ್ಯಾಸದಂತೆ 1964ರಿಂದ ವಾರಾಣಸಿಯಲ್ಲಿ ತಯಾರಾದ 2600 ಅಶ್ವಶಕ್ತಿಯ ಎಂಜಿನ್, ದಶಕಗಳ ಕಾಲ ಈ ದೇಶದ ಗಾಡಿಗಳನ್ನು ಎಳೆದಿದೆ. ತುಮಕೂರು ನಿಲ್ದಾಣದಿಂದ ಅರಸೀಕೆರೆ ಕಡೆಗೆ ಅಲ್ಕೊ ಹೊರಡುವಾಗಿನ ಆ ಗುಡುಗುಡು ಕೇಳಿ ಬೆಳೆದ ಪ್ರೀತಿಯಿಂದಲೇ ನಮ್ಮಂಥವರು ಉಳಿತಾಯದ ಹಣ ಕೊಟ್ಟು ಇದನ್ನು ಕೊಳ್ಳುತ್ತೇವೆ. ದುಡ್ಡು ತೆಗೆದುಕೊಳ್ಳುವಾಗ ಇದು ನಿಖರ ಮಾದರಿ, ಕೆಟ್ಟಾಗ ಆಟದ ಸಾಮಾನು ಎನ್ನುವುದು ನ್ಯಾಯವಲ್ಲ.

ಆದ್ದರಿಂದ ನನ್ನ ಕೋರಿಕೆ ಇದು: ಮುಂದಿನ ಟ್ರಕ್ಕಿನ ಮೂರೂ ಆಕ್ಸೆಲ್ ಗೇರುಗಳನ್ನು ಬದಲಿಸಿ. ಒಂದನ್ನೇ ಬದಲಿಸಿದರೆ ಸಾಲದು, ಒಂದೇ ಎರಕದಲ್ಲಿ ಬಂದ ಉಳಿದೆರಡೂ ಅದೇ ದಾರಿ ಹಿಡಿಯುತ್ತವೆ. ಗೇರು ಹಾಕಿದ ಮೇಲೆ ಚಕ್ರಗಳ ನಡುವಿನ ಅಂತರವನ್ನು 16.5 ಮಿಲಿಮೀಟರ್ ಹಳಿಗೆ ಸರಿಹೊಂದುವಂತೆ ಗೇಜ್ ಇಟ್ಟು ನೋಡಿ. ಹಿಂದಿನ ಟ್ರಕ್ಕಿಗೆ ವಾಷರ್ ಹಾಕಿ. ಸುರಿದ ಎಣ್ಣೆಯನ್ನು ತೊಳೆದು ತೆಗೆಯಿರಿ. ವಸೂಲಿ ಮಾಡಿದ ಶುಲ್ಕ ಮತ್ತು ಕೊರಿಯರ್ ಖರ್ಚು ಹಿಂದಿರುಗಿಸಿ. ಯಾವ ಭಾಗ ಪರೀಕ್ಷಿಸಿದಿರಿ, ಏನು ಕಂಡಿತು, ಏನು ಬದಲಿಸಿದಿರಿ ಎಂದು ಜಾಬ್ ಕಾರ್ಡಿನಲ್ಲಿ ಬರೆದು ಕೊಡಿ. ಇದು ಆಗದಿದ್ದರೆ ಗೇರು ಮತ್ತು ವಾಷರ್ ನನಗೇ ಕಳಿಸಿ, ನಾನು ಹಾಕಿಕೊಳ್ಳುತ್ತೇನೆ. ಆದರೆ ವಾರಂಟಿ ಮುಂದುವರಿಯುತ್ತದೆ ಎಂದು ಲಿಖಿತವಾಗಿ ತಿಳಿಸಿ. ಬಿಡಿಭಾಗಗಳನ್ನು ಎಲ್ಲ ಗ್ರಾಹಕರಿಗೂ ಬಿಡಿಯಾಗಿ ಮಾರುವ ವ್ಯವಸ್ಥೆಯನ್ನೂ ಮಾಡಿ. ಕೆಲವು ರೂಪಾಯಿಯ ಗೇರಿಗಾಗಿ ಇಡೀ ಎಂಜಿನ್ ಕಪಾಟು ಸೇರಬಾರದು.

ಈ ಪತ್ರ ತಲುಪಿದ 15 ದಿನಗಳೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ನಂತರ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಇಲ್ಲಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಗ್ರಾಹಕ ವಾಸಿಸುವ ಊರಿನಲ್ಲೇ ದೂರು ಕೊಡಲು ಆ ಕಾಯ್ದೆ ಅವಕಾಶ ಕೊಟ್ಟಿದೆ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಬಿಲ್ಲು, ವಾರಂಟಿ ಚೀಟಿ ಮತ್ತು ಜಾಬ್ ಕಾರ್ಡುಗಳ ಪ್ರತಿ; ಸೀಳಿದ ಗೇರು ಹಾಗೂ ವರ್ಮ್ ಪೆಟ್ಟಿಗೆಯ ಫೋಟೋಗಳು; ಎರಡೂ ಸದ್ದುಗಳ ವಿಡಿಯೋ ಇರುವ ಪೆನ್ ಡ್ರೈವ್.