ನಲವತ್ತು ನಿಮಿಷ

ಮಾಳಮಡ್ಡಿ, ಧಾರವಾಡ
ಸೋಮವಾರ ರಾತ್ರಿ

ಪುಟ್ಟವ್ವಾ,

ನಿನ್ನೆ ಫೋನ್ ಕಟ್ ಮಾಡಿದ್ದು ನಾನೇ. ಲೈನ್ ಹೋಯಿತು ಅಂತ ಆಮೇಲೆ ಮೆಸೇಜ್ ಹಾಕಿದೆನಲ್ಲ, ಅದು ಸುಳ್ಳು. "ಅಪ್ಪಾ, ಅವ್ವನ ಬೆರಳಿಗೆ ಸೂಜಿ ಚುಚ್ಚಿದ್ದು ಖರೇನಾ?" ಅಂತ ನೀನು ಕೇಳಿದಾಗ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಬಾಜೂ ಮನೆಯ ಕಾಕೂ ಹೇಳುವ ಮೊದಲು ನಾನೇ ನಿನಗೆ ಹೇಳಬೇಕಿತ್ತು. ತಪ್ಪಾಯಿತು.

ದವಾಖಾನೆಯ ದಿನಗಳ ಮಾತು ಬೇಡ. ನೀನೂ ಇದ್ದೆ. ನಿನಗೆ ಗೊತ್ತಿಲ್ಲದ್ದು ಅದಕ್ಕೂ ಮುಂಚಿನ 40 ನಿಮಿಷ.

ಮುಂಜಾನೆ ಏಳು ಹತ್ತು. ನಿಮ್ಮವ್ವ ರೊಟ್ಟಿ ಬಡಿಯುತ್ತಿದ್ದಳು. ಸಪ್ಪಳ ನಿಂತಿತು. ಒಳಗೆ ಹೋಗಿ ನೋಡಿದರೆ ಬಲಗೈ ಹಿಟ್ಟಿನ ಮೇಲೆ ಹಾಗೇ ಬಿದ್ದಿತ್ತು, ಬಾಯಿ ಸೊಟ್ಟಗಾಗಿತ್ತು. ಲಕ್ವಾ ಅಂತ ನನಗೆ ಆಗಲೇ ಗೊತ್ತಾಯಿತು. ಗೊತ್ತಾಗಿಯೂ ನಾನು 108ಕ್ಕೆ ಫೋನ್ ಮಾಡಲಿಲ್ಲ. ಹೊಲಿಗೆ ಡಬ್ಬಿ ಹುಡುಕಿದೆ.

ನನ್ನ ಮೊಬೈಲಿನಲ್ಲಿ ಒಂದು ಮೆಸೇಜ್ ಇತ್ತು. ಲಕ್ವಾ ಹೊಡೆದವರನ್ನು ಅಲುಗಾಡಿಸಬೇಡಿ, ತಲೆಯೊಳಗಿನ ಸಣ್ಣ ರಕ್ತನಾಳ ಒಡೆಯುತ್ತವೆ. ಸೂಜಿ ಕಾಯಿಸಿ ಹತ್ತೂ ಬೆರಳ ತುದಿಗೆ ಚುಚ್ಚಿ ರಕ್ತ ತೆಗೆಯಿರಿ. ಬಾಯಿ ಸೊಟ್ಟಗಿದ್ದರೆ ಕಿವಿ ಜಗ್ಗಿ ಕೆಂಪಾದ ಮೇಲೆ ಅಲ್ಲಿಯೂ ಚುಚ್ಚಿರಿ. ಪೂರಾ ಹುಷಾರಾದ ಮೇಲೆ ದವಾಖಾನೆಗೆ ಒಯ್ಯಿರಿ. ಹೇಳಿದವರು ಯಾರು? ಚೀನಾದ ಒಬ್ಬ ಪ್ರೊಫೆಸರ್ ಅಂತೆ. ಹೆಸರಿಲ್ಲ, ಊರಿಲ್ಲ, ತಾರೀಖಿಲ್ಲ. 31 ವರ್ಷ ಸೊಸೈಟಿಯಲ್ಲಿ ಲೆಕ್ಕ ಬರೆದೆ. ಸಹಿ ಇಲ್ಲದ ಚೀಟಿಗೆ ಹತ್ತು ರೂಪಾಯಿ ಬಿಟ್ಟುಕೊಟ್ಟವನಲ್ಲ. ಆದರೆ ಆ ಮೆಸೇಜಿಗೆ ನಿಮ್ಮವ್ವನ ಕೈಯನ್ನೇ ಕೊಟ್ಟೆ.

ಎಡಗೈಯ ಕಿರುಬೆರಳಿನಿಂದ ಶುರು ಮಾಡಿದೆ. ಎಡಗೈಗೆ ಚುಚ್ಚಿದಾಗ ಅವಳು ಕೈ ಎಳೆದುಕೊಂಡಳು. ಬಲಗೈಗೆ ಚುಚ್ಚಿದಾಗ ಎಳೆದುಕೊಳ್ಳಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹನಿ ಎಣಿಸುತ್ತಿದ್ದೆ. ಹತ್ತು ಬೆರಳು ಮುಗಿಸಿ, ಗ್ವಾಡಿಗೆ ಒರಗಿಸಿ ಕೂರಿಸಿ, ಹುಷಾರಾಗಲಿ ಅಂತ ಕಾದೆ. ಏಳೂ ಐವತ್ತಕ್ಕೆ ಕಾಕೂ ಬಂದು ಚೀರಿದ ಮೇಲೆ ಗಾಡಿ ಕರೆಸಿದೆ.

ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಲಕ್ವಾ ಹೊಡೆದ 4.5 ಗಂಟೆಯೊಳಗೆ ಕೊಡಬೇಕು. ಸ್ಕ್ಯಾನ್ ಮಾಡಿ, ತಲೆಯಲ್ಲಿ ರಕ್ತಸ್ರಾವ ಆಗಿಲ್ಲ ಅಂತ ನೋಡಿದ ಮೇಲೇ ಕೊಡುತ್ತಾರೆ. ನಮಗೆ ಸಿಕ್ಕಿತು, ನಿಜ. ಆದರೆ ದೊಡ್ಡ ನಾಳ ಮುಚ್ಚಿದರೆ ನಿಮಿಷಕ್ಕೆ 19 ಲಕ್ಷ ನರಕೋಶ ಸಾಯುತ್ತವೆ ಅಂತ ಒಂದು ಅಂದಾಜು ಓದಿದೆ. 40ರಿಂದ ಗುಣಿಸಿದರೆ 7 ಕೋಟಿ 60 ಲಕ್ಷ. ದಿನಾ ರಾತ್ರಿ ಈ ಗುಣಾಕಾರ ಮಾಡುತ್ತೇನೆ. ನಿಮ್ಮವ್ವನದು ಎಂಥ ನಾಳ ಅಂತ ಡಾಕ್ಟರನ್ನು ಕೇಳಲು ಧೈರ್ಯ ಬಂದಿಲ್ಲ. ಬಲಗೈಯಲ್ಲಿ ಅವಳಿಗೆ ಇನ್ನೂ ಚಮಚ ನಿಲ್ಲುವುದಿಲ್ಲ. ಬೆರಳಿನ ಗಾಯ ಮಾದಿವೆ. ಸೂಜಿಯ ಮಾತನ್ನು ಅವಳು ಒಂದು ದಿನವೂ ಎತ್ತಿಲ್ಲ.

ಫೋನ್ ಕಟ್ ಆದ ಮೇಲೆ ಬೈಯದೆ ನೀನು ಆ ಪ್ರಶ್ನೆಗಳನ್ನು ಕಳಿಸಿದೆ. 'ಡಿಸ್ಕರ್ನ್', 1999, ಆಕ್ಸ್‌ಫರ್ಡ್. 16 ಪ್ರಶ್ನೆ, ಒಂದೊಂದಕ್ಕೆ 1ರಿಂದ 5 ಅಂಕ. ಚಿಕಿತ್ಸೆಯ ಬಗ್ಗೆ ಬರೆದದ್ದು ನಂಬುವ ಹಾಗಿದೆಯಾ ಅಂತ ನಮ್ಮಂಥವರೂ ಅಳೆದು ನೋಡಲಿಕ್ಕೆ. ಆ ಸೂಜಿ ಮೆಸೇಜಿಗೆ ಅಂಕ ಹಾಕಲು ಪೆನ್ನು ಹಿಡಿದು ಕೂತೆ. ಮಾಹಿತಿ ಎಲ್ಲಿಂದ ಬಂತು? 1. ಯಾವಾಗಿನದು? 1. ಚಿಕಿತ್ಸೆಯ ಅಪಾಯ ಹೇಳಿದೆಯಾ? 1. ಖಚಿತವಿಲ್ಲದ್ದನ್ನು ಖಚಿತವಿಲ್ಲ ಅಂತ ಹೇಳಿದೆಯಾ? ಇಲ್ಲಿ ನನ್ನ ಪೆನ್ನು ನಿಂತುಬಿಟ್ಟಿತು. ಆ ಮೆಸೇಜಿನಲ್ಲಿ ಎಲ್ಲೂ ಅನುಮಾನವೇ ಇರಲಿಲ್ಲ ಪುಟ್ಟವ್ವಾ. ಅದಕ್ಕೇ ನಂಬಿದೆ. ಡಾಕ್ಟರು "ನೋಡೋಣ, ಈಗಲೇ ಹೇಳಲಿಕ್ಕೆ ಆಗುವುದಿಲ್ಲ" ಅಂದಾಗ ಇವರಿಗೆ ಏನೂ ತಿಳಿಯುವುದಿಲ್ಲ ಅಂದುಕೊಂಡೆ. ಅವತ್ತು ಅವರ ಮುಂದೆ ನಿಂತು ನೀನು ಒಂದೊಂದೇ ಕೇಳಿ ಬರೆದುಕೊಂಡೆ. ಇವಳು ನನ್ನ ಮಗಳು ಅಂತ ವಾರ್ಡಿನಲ್ಲಿದ್ದ ಎಲ್ಲರಿಗೂ ಹೇಳಿದೆ.

ಅಂಥವಳು ಥೈರಾಯ್ಡ್ ಗುಳಿಗೆ ಬಿಟ್ಟು, ಬೇರು ಸಮೇತ ವಾಸಿ ಅನ್ನುವ ವಿಡಿಯೋ ನೋಡಿ ತರಿಸಿದ ಪುಡಿ ತಗೊಳ್ಳುತ್ತಿದ್ದೀಯಂತೆ. ನಿಮ್ಮವ್ವ ಹೇಳಿದಳು. ಅವಳ ಮೇಲೆ ಸಿಟ್ಟಾಗಬೇಡ. ಮೂರು ವಾರದಿಂದ ಆರಾಮ ಇದ್ದೇನೆ ಅಂದೆಯಂತೆ. ಆ ಗುಳಿಗೆಯ ಅಂಶ ರಕ್ತದಲ್ಲಿ ಅರ್ಧಕ್ಕೆ ಇಳಿಯಲಿಕ್ಕೇ ಸುಮಾರು 7 ದಿನ ಬೇಕು. ಬಿಟ್ಟ ಹೊಸತರಲ್ಲಿ ಆರಾಮ ಅನ್ನಿಸಿದ್ದು ಹಳೆಯ ಗುಳಿಗೆಯ ಪುಣ್ಯ. ಹೆಸರು ಬಂದದ್ದು ಪುಡಿಗೆ. ಆ ವಿಡಿಯೋದ ಕೆಳಗೆ "ನನಗೂ ವಾಸಿಯಾಯಿತು" ಅಂದವರಲ್ಲಿ ಎಷ್ಟು ಮಂದಿ ಎರಡು ತಿಂಗಳು ಬಿಟ್ಟು ಥೈರಾಯ್ಡ್ ನೋಡುವ ಟಿಎಸ್‌ಎಚ್ ರಕ್ತದ ಟೆಸ್ಟ್ ಮಾಡಿಸಿದ್ದಾರೆ? ನೀನು ಮಾಡಿಸಿದೆಯಾ? ಹೇಳುವವನೇ ಮಾರುವವನಾದರೆ ಅವನ ಮಾತಿಗೆ ತೂಕ ಎಲ್ಲಿಂದ ಬಂತು? ಡಾಕ್ಟರ್ ಅಂತ ಹಾಕಿಕೊಂಡಿದ್ದರೆ ನೋಂದಣಿ ನಂಬರ್ ಎಲ್ಲಿದೆ? ಗಳಗಂಡ (ಥೈರಾಯ್ಡ್ ಊತ), ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಔಷಧಕ್ಕೆ ಜಾಹೀರಾತು ಹಾಕುವುದೇ ತಪ್ಪು ಅಂತ 1954ರಿಂದ ಕಾಯ್ದೆ ಇದೆ. ಬೇರು ಸಮೇತ ವಾಸಿ ಅನ್ನುವವನಿಗೆ ಇದು ಗೊತ್ತಿಲ್ಲವಾ?

ಉಪದೇಶ ಮಾಡಬಾರದು ಅಂತಲೇ ಬರೆಯಲು ಕೂತೆ. ಆಗಲಿಲ್ಲ. ಪುಣೆಯಲ್ಲಿ ಒಬ್ಬಳೇ ಇರುತ್ತೀ. ಮುಂಜಾನೆ ನಿನ್ನ ರೂಮಿನಲ್ಲಿ ಸಪ್ಪಳ ನಿಂತರೆ ಕೇಳುವವರು ಯಾರು?

ಆ ಸೂಜಿ ಮೆಸೇಜನ್ನು ನಾನೂ ನಾಲ್ಕು ಗ್ರೂಪಿಗೆ ಕಳಿಸಿದ್ದೆ. ಇವತ್ತು ನಾಲ್ಕರಲ್ಲೂ ಅದು ಸುಳ್ಳು, ನಾನು ಹೀಗೆ ಮಾಡಿ ಕೆಟ್ಟೆ ಅಂತ ಬರೆದೆ. ಗದಗಿನ ನಿನ್ನ ಸೋದರಮಾವ ಒಬ್ಬನೇ ಉತ್ತರ ಕೊಟ್ಟ. ಅವನೂ ಅದನ್ನು ಬೇರೆ ಕಡೆ ಕಳಿಸಿದ್ದನಂತೆ.

ಆ ಪುಡಿ ಡಬ್ಬಿಯ ನಾಲ್ಕೂ ಬದಿಯ ಫೋಟೋ ತೆಗೆದು ಕಳಿಸು. ನಾಳೆ ಇಲ್ಲಿನ ಡಾಕ್ಟರಿಗೆ ತೋರಿಸುತ್ತೇನೆ. ನೀನು ನಿನ್ನ ಡಾಕ್ಟರಿಗೆ ಫೋನ್ ಮಾಡಿ ಗುಳಿಗೆ ಬಿಟ್ಟದ್ದನ್ನು ಹೇಳು. ಬೈದರೆ ಬೈಯಲಿ. ನಾನು ಹನ್ನೊಂದರ ತನಕ ಎಚ್ಚರ ಇರುತ್ತೇನೆ.

ನಿನ್ನ ಅಪ್ಪ