ಸೇವಂತಿಗೆ ಗೊಬ್ಬರ ಇನ್ನು ಮೂರು ಕಂತಿನಲ್ಲಿ

ಮಾನ್ಯ ಬೆಳೆಗಾರ ಬಂಧುಗಳೇ,

ನಮಸ್ಕಾರ. ಈ ಹಂಗಾಮಿನ ನಾಟಿಯಿಂದ ಸಂಘದ ಮಳಿಗೆಯಲ್ಲಿ ಸೇವಂತಿಗೆಗೆ ಇಡೀ ಬೆಳೆಯ ಗೊಬ್ಬರವನ್ನು ಒಟ್ಟಿಗೇ ಕೊಡುವುದಿಲ್ಲ. ನಾಟಿಗೆ ಒಮ್ಮೆ, ಕುಡಿ ಚಿವುಟಿದ ಮೇಲೆ ಒಮ್ಮೆ, ಮೊಗ್ಗು ಕಟ್ಟುವಾಗ ಒಮ್ಮೆ ಬಂದು ಒಯ್ಯಬೇಕು. ದರ ಬದಲಾಗಿಲ್ಲ, ಆಯಾ ಕಂತಿನ ಹಣ ಆಯಾ ಸಲ ಕಟ್ಟಿದರೆ ಸಾಕು. ನಿಮಗೆ ಓಡಾಟ ಹೆಚ್ಚುತ್ತದೆ, ಗೊತ್ತು. ಆದ್ದರಿಂದಲೇ ಕಾರಣವನ್ನು ವಿವರವಾಗಿ ಬರೆಯುತ್ತಿದ್ದೇವೆ.

ಮೂಟೆ ಮನೆಯಲ್ಲಿದ್ದರೆ ಎಲೆ ಸ್ವಲ್ಪ ಮಂಕಾದರೂ ಕೈ ಸಾರಜನಕದ ಗೊಬ್ಬರವಾದ ಯೂರಿಯಾ ಕಡೆಗೇ ಹೋಗುತ್ತದೆ. ಸೇವಂತಿಗೆಗೆ ಸಾರಜನಕ ಬಹಳ ಬೇಕಾಗುವುದು ಮೊದಲ ಏಳೆಂಟು ವಾರ. ಆಗ ಕೊರತೆ ಬಿದ್ದರೆ ಆಮೇಲೆ ಎಷ್ಟು ಸುರಿದರೂ ಹೂವಿನ ಗಾತ್ರ ಸರಿಹೋಗದು. ಮೊಗ್ಗು ಬಲಿತ ಮೇಲೆ ಹಾಕಿದರೆ ತೋಟವೇನೋ ಹಚ್ಚಗೆ ಕಾಣುತ್ತದೆ, ಆದರೆ ಎಸಳು ಮೆತ್ತಗಾಗುತ್ತದೆ, ಗಿಡಹೇನು ಮುತ್ತುತ್ತದೆ, ಕಿತ್ತ ಹೂವು ಬೇಗ ಬಾಡುತ್ತದೆ. ದಸರೆ, ದೀಪಾವಳಿಯ ಸಂತೆಗೆ ಅಂಥ ಹೂವು ಒಯ್ದು ನೀವು ದರ ಕಳೆದುಕೊಳ್ಳುವುದು ನಮಗೆ ಬೇಡ.

ಲೆಕ್ಕ ನೋಡಿ. ನಮ್ಮಲ್ಲಿ ಅನುಸರಿಸುವ ಪ್ರಮಾಣ ಹೆಕ್ಟೇರಿಗೆ ಸಾರಜನಕ 100, ರಂಜಕ 150, ಪೊಟ್ಯಾಷ್ 100 ಕೆಜಿ. ಎಕರೆಗೆ 40, 60, 40. ಅರವತ್ತು ಕೆಜಿ ರಂಜಕಕ್ಕೆ ಡಿಎಪಿ (ರಂಜಕ, ಸಾರಜನಕ ಎರಡೂ ಇರುವ ಗೊಬ್ಬರ) 130 ಕೆಜಿ ಬೇಕು, ಅದರಲ್ಲೇ ಸುಮಾರು 23 ಕೆಜಿ ಸಾರಜನಕ ಬಂದುಬಿಡುತ್ತದೆ. ಉಳಿದ 17 ಕೆಜಿಗೆ ಯೂರಿಯಾ 37 ಕೆಜಿ ಸಾಕು. ಎಕರೆಗೆ 45 ಕೆಜಿಯ ಒಂದು ಮೂಟೆಯೂ ಪೂರ್ತಿ ಬೇಕಿಲ್ಲ!

ರಂಜಕ ಮಣ್ಣಿನಲ್ಲಿ ಹಾಕಿದಲ್ಲೇ ನಿಲ್ಲುತ್ತದೆ, ಮೇಲೆ ಎರಚಿದರೆ ಬೇರಿಗೆ ಇಳಿಯುವುದಿಲ್ಲ. ಹಾಗಾಗಿ ಡಿಎಪಿ ಅಷ್ಟನ್ನೂ ಅರ್ಧ ಪೊಟ್ಯಾಷಿನೊಂದಿಗೆ ಮೊದಲ ಕಂತಿನಲ್ಲೇ ಕೊಡುತ್ತೇವೆ. ಕೊಟ್ಟಿಗೆ ಗೊಬ್ಬರದ ಜೊತೆ ಮಡಿಗೆ ಸೇರಿಸಿ. ನಾಟಿಯಾದ ಸುಮಾರು ನಾಲ್ಕು ವಾರಕ್ಕೆ ಕುಡಿ ಚಿವುಟಿ, ಕಳೆ ತೆಗೆದು, ಬುಡಕ್ಕೆ ಮಣ್ಣು ಏರಿಸುವಾಗ ಯೂರಿಯಾ. ಪಕ್ಕದ ಕವಲುಗಳು ಒಡೆಯುವುದು ಆಗಲೇ. ಮೂರನೆಯದರಲ್ಲಿ ಉಳಿದ ಪೊಟ್ಯಾಷ್ ಮಾತ್ರ.

ಮೂರನೆಯ ಕಂತಿನ ದಿನವನ್ನು ಎಲ್ಲರಿಗೂ ಒಂದೇ ಎಂದು ಹೇಳಲಾಗದು. ಸೇವಂತಿಗೆ ಹಗಲು ಕಿರಿದಾದಾಗ ಮೊಗ್ಗು ಕಟ್ಟುವ ಗಿಡ. ಹಬ್ಬಕ್ಕೆ ಹೂವು ಹೊಂದಿಸಲು ರಾತ್ರಿ ಬಲ್ಬ್ ಉರಿಸುವವರು ನಾಟಿಯ ದಿನದಿಂದ ಎಣಿಸಬೇಡಿ, ಬಲ್ಬ್ ಆರಿಸಿದ ದಿನದಿಂದ ಎಣಿಸಿ. ಮೂರು ವಾರದ ಆಸುಪಾಸಿನಲ್ಲಿ ಮೊಗ್ಗು ಕಣ್ಣಿಗೆ ಬೀಳುತ್ತದೆ, ಆಗ ಬನ್ನಿ. ತಳಿಯಿಂದ ತಳಿಗೆ ಕೆಲವು ದಿನ ಹಿಂದುಮುಂದಾದೀತು.

ಡ್ರಿಪ್ ಇರುವವರಿಗೆ ಮೂರನೆಯ ಕಂತಿನಲ್ಲಿ ಪೊಟ್ಯಾಷ್ ಬದಲು ನೀರಿನಲ್ಲಿ ಕರಗುವ 13:0:45 ಗೊಬ್ಬರ (ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷಿನ ಶೇಕಡಾ ಪಾಲು), ಮೊಗ್ಗು ಬಣ್ಣ ತೋರಿದ ಮೇಲೆ 0:0:50 ಕೊಡುತ್ತೇವೆ. ಬಣ್ಣ ಕಂಡ ಮೇಲೆ ಸಾರಜನಕ ಬೇಡವೇ ಬೇಡ. ಕ್ಯಾಲ್ಸಿಯಂ ನೈಟ್ರೇಟ್ ಬಿಡುವವರು ಅದನ್ನು 0:0:50 ಜೊತೆ ಒಂದೇ ತೊಟ್ಟಿಯಲ್ಲಿ ಕಲಸಬೇಡಿ, ಗಸಿ ಕಟ್ಟಿ ಡ್ರಿಪ್ಪಿನ ತೂತು ಮುಚ್ಚಿಹೋಗುತ್ತದೆ.

ಬರುವಾಗ ನಾಟಿಯ ದಿನ, ತಳಿ, ಜಮೀನಿನ ಅಳತೆ ಬರೆದುಕೊಂಡು ಬನ್ನಿ. ಮಣ್ಣು ಪರೀಕ್ಷೆಯ ಚೀಟಿ ಇದ್ದರೆ ಖಂಡಿತ ತನ್ನಿ. ರಂಜಕ ಹೆಚ್ಚಿರುವ ಹೊಲಕ್ಕೆ ಡಿಎಪಿ ಇಳಿಸಿಯೇ ಕೊಡುತ್ತೇವೆ, ಅಷ್ಟು ಹಣ ನಿಮಗೆ ಉಳಿಯುತ್ತದೆ. ದೂರದ ಹಳ್ಳಿಯವರು ಪಾಸ್‌ಬುಕ್ ಕೊಟ್ಟು ಅಕ್ಕಪಕ್ಕದವರನ್ನು ಕಳಿಸಬಹುದು.

ಇಂತಿ,
ಕಾರ್ಯದರ್ಶಿ
ಆಡಳಿತ ಮಂಡಳಿಯ ಪರವಾಗಿ